ನಾಲ್ಕನೇ ಪ್ರಶ್ನೆ

ಫ್ರೆಸ್ನೋದ ಈ ಬೀದಿಯಲ್ಲಿ,
ಟೈರಿನಂಗಡಿಗೂ ಕಾಸು ಹಾಕಿ ಬಟ್ಟೆ ಒಗೆವ ಮಳಿಗೆಗೂ ನಡುವೆ
ಕಿಷ್ಕಿಂಧೆಯಂಥ ಕೋಣೆ ನನ್ನದು.
ಬಾಗಿಲ ಗಾಜಿನ ಮೇಲೆ ಸಿರಾನುಷ್ ಎಂಬ ಹೆಸರು,
ಕೊನೆಯ ಅಕ್ಷರ ಉದುರಿದೆ.
ಒಂದು ಪ್ರಿಂಟರು, ಎರಡು ಕುರ್ಚಿ,
ಕಾನೂನೇ ಗೋಡೆಗೆ ಹೊಡೆಸಿದ ಬೋರ್ಡು:
ನಾನು ವಕೀಲಳಲ್ಲ. ಸಲಹೆ ಕೊಡುವಂತಿಲ್ಲ.
ನಾನು ಏನಲ್ಲವೆಂದು ಎರಡು ಭಾಷೆಯಲ್ಲಿದೆ,
ಏನು ಹೌದೆಂದು ಒಂದರಲ್ಲೂ ಇಲ್ಲ.

ನೀವು ಹೇಳಿದ್ದನ್ನು ಚೌಕದೊಳಗೆ ಕೂರಿಸಿಕೊಡುತ್ತೇನೆ, ಅಷ್ಟೆ.
ಎಪ್ಪತ್ತೈದು ಡಾಲರು.
ಕೋರ್ಟಿನ ಮೂವತ್ತು ಬೇರೆ.

ಮಂಗಳವಾರ ಬಂದವಳು ಎದೆಲ್ಮಿರಾ.
ರವಿಕೆ ತೋಳಿಗೆ ಸಿಕ್ಕಿಸಿಕೊಂಡ ಗುಂಡುಸೂಜಿಗಳನ್ನು
ತೆಗೆಯಲು ಮರೆತು ಬಂದಿದ್ದಳು.
ಕುರ್ಚಿಯ ತುದಿಯಲ್ಲಿ ಕೂತಳು
ಉಳಿದದ್ದು ಬೇರೆ ಯಾರದೋ ಎಂಬಂತೆ.

ವಾದಿ?
ನಾನು.
ಪ್ರತಿವಾದಿ?
ಒತಿಲಿಯಾ, ಅಂದಳು,
ಅಡುಗೆಮನೆಯಿಂದ ಕೂಗಿ ಕರೆದ ಹಾಗೆ.

ವಿಳಾಸ?
ಚರ್ಚಿನ ಹಿಂದಿನ ಹಳದಿ ಮನೆ.
ಗೇಟನ್ನು ಸ್ವಲ್ಪ ಎತ್ತಿ ತಳ್ಳಬೇಕು,
ಬಲಗಡೆ ನಿಂಬೆಗಿಡ, ನಾಯಿ ಕನೇಲೋ, ಕಚ್ಚುವುದಿಲ್ಲ.
ನನಗೆ ಬೇಕಾದದ್ದು ಜಿಪ್ ಕೋಡು.
ಇಪ್ಪತ್ತೆರಡು ವರ್ಷ ಹೋಗಿಬಂದ ಮನೆಯ ನಂಬರು
ಅವಳಿಗೆ ಗೊತ್ತಿರಲಿಲ್ಲ.

ಎಷ್ಟು ಬರಬೇಕು?
ಸಾವಿರದ ಇನ್ನೂರ ನಲವತ್ತು.
ಯಾಕೆ?
ಯಾಕೆ ಎಂಬುದಕ್ಕೆ ಫಾರಮ್ಮಿನಲ್ಲಿ ನಾಲ್ಕು ಗೆರೆ ಜಾಗ.
ಅವಳು ಶುರುಮಾಡಿದ್ದು ಪೀಚ್ ಹಣ್ಣಿನ ಶೆಡ್ಡಿನಿಂದ:
ಬೆಲ್ಟಿನ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತ ಬೇಸಿಗೆಗಳು,
ಹಣ್ಣಿನ ಸುಂಕಿಗೆ ಇಬ್ಬರ ಕುತ್ತಿಗೆಯೂ ಒಟ್ಟಿಗೆ ತುರಿಸಿದ್ದು,
ಒಬ್ಬಳ ಹೆರಿಗೆಗೆ ಇನ್ನೊಬ್ಬಳು ನಡುರಾತ್ರಿ ಗಾಡಿ ಓಡಿಸಿದ್ದು, ಲೈಸೆನ್ಸಿಲ್ಲದೆ
(ಅದನ್ನು ಬರೆಯಬೇಡಿ, ಅಂದಳು),
ಆಮೇಲೆ ಲಂಗ.
ಒತಿಲಿಯಾಳ ಮೊಮ್ಮಗಳಿಗೆ ಹದಿನೈದು ತುಂಬಿದ ಹಬ್ಬಕ್ಕೆ
ಹನ್ನೊಂದು ಪದರ, ನವಿಲುಗತ್ತಿನ ಬಣ್ಣ.
ಬಟ್ಟೆಗೆ ಕೈಯಿಂದ ಹಾಕಿದ್ದು ಒಂಬೈನೂರು, ಮಿಕ್ಕಿದ್ದು ಮಜೂರಿ.
ಫೋನು ತೆರೆದು ಹುಡುಗಿ ಕುಣಿಯುವ ಫೋಟೋ ತೋರಿಸಿದಳು.
ಸೊಂಟದ ಹತ್ತಿರ ಬೆರಳಿಟ್ಟು,
ಇಲ್ಲೊಂದು ನಿರಿಗೆ ಸರಿಯಾಗಿ ಕೂತಿಲ್ಲ ಎಂದು
ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಳು.

ನಾನು ಬರೆದೆ: ಹೊಲಿದ ಉಡುಪಿಗೆ ಹಣ ಬಂದಿಲ್ಲ.
ಮೂರು ಗೆರೆ ಖಾಲಿ ಉಳಿದವು.

ನಾಲ್ಕನೇ ಪ್ರಶ್ನೆ.
ದಾವೆ ಹೂಡುವ ಮೊದಲು
ಹಣ ಕೊಡೆಂದು ಪ್ರತಿವಾದಿಯನ್ನು ಕೇಳಿದ್ದೀರಾ?
ಹೌದು. ಇಲ್ಲ. ಎರಡು ಚೌಕ.

ಗೋಡೆಯಾಚೆ ಯಾರದೋ ಬಟ್ಟೆ
ಕೊನೆಯ ಸುತ್ತು ಗಿರಗಿರ ತಿರುಗಿ ನಿಂತಿತು.

ಹದಿನಾಲ್ಕು ತಿಂಗಳಾಯಿತು, ಅಂದಳು.
ಅವಳಿಗೆ ಗೊತ್ತಾಗಬೇಡವೇ?
ಕೇಳಿದ್ದೀರಾ?
ಭಾನುವಾರ ಚರ್ಚಿನಲ್ಲಿ ಎದುರಾದರೆ ನೆಲ ನೋಡುತ್ತೇನೆ.
ಅದಕ್ಕಿಂತ ಹೇಗೆ ಕೇಳುವುದು?

ಅದಕ್ಕೆ ಚೌಕವಿಲ್ಲ.

ಫೋನು ಮಾಡಿದರೆ ಆದೀತೇ? ಅವಳು ಎತ್ತದಿದ್ದರೆ?
ಎತ್ತಿ, ಅತ್ತುಬಿಟ್ಟರೆ?
ಅಮ್ಮಾ, ಹೇಳಿದರೆ ಅದು ಸಲಹೆಯಾಗುತ್ತದೆ.
ಬೋರ್ಡಿನ ಕಡೆ ಕೈ ತೋರಿಸಿದೆ.
ನನ್ನಜ್ಜಿ ಆರ್ಮೇನಿಯಾದ ಮಾತೊಂದನ್ನೇ ಹೊತ್ತು ಈ ಊರಿಗಿಳಿದಾಗ
ದ್ರಾಕ್ಷಿತೋಟದ ಲೆಕ್ಕದವನೂ
ಹೀಗೇ ಗೋಡೆಗೆ ಕೈ ತೋರಿಸುತ್ತಿದ್ದನಂತೆ.

ಅವಳೆದ್ದು ಹೊರಗೆ ಹೋದಳು.
ಟೈರುಗಳ ರಾಶಿಯ ಪಕ್ಕ, ಬಿಸಿಲಿಗೆ ಬೆನ್ನು ಕೊಟ್ಟು ನಿಂತಳು.
ಗಾಜಿನೊಳಗಿಂದ ಮಾತು ಕೇಳಿಸಲಿಲ್ಲ.
ಬೆನ್ನು ಒಮ್ಮೆ ನೆಟ್ಟಗಾಯಿತು,
ಆಮೇಲೆ ಬಹಳ ಹೊತ್ತು ಬಾಗಿಯೇ ಇತ್ತು.
ಈ ಕಡೆ ತಿರುಗಿದಾಗ ಕಂಡೆ:
ತೋಳಿನ ಸೂಜಿಗಳನ್ನು ಒಂದೊಂದಾಗಿ ಕಿತ್ತು
ತುಟಿಯ ನಡುವೆ ಕಚ್ಚಿಕೊಂಡು
ಕೇಳುತ್ತಲೇ ಇದ್ದಳು.

ಇಪ್ಪತ್ತು ನಿಮಿಷಕ್ಕೆ ಒಳಗೆ ಬಂದಳು.
ಕೇಳಿದಿರಾ?
ಕೇಳಿದೆ.
ದುಡ್ಡು ಕೊಡು ಅಂದಿರಾ?
ಬಾಯಲ್ಲಿ ಸೂಜಿ ಇತ್ತು, ಅಂದಳು.

ಪರ್ಸಿನಿಂದ ಎಪ್ಪತ್ತೈದು ಎಣಿಸಿಟ್ಟಳು.
ಅರ್ಧ ಸಾಕೆಂದೆ. ಅದು ಸಲಹೆಯಲ್ಲ.
ಕಾಗದ ಇಲ್ಲೇ ಇರಲಿ, ಅಂದಳು.
ನನ್ನ ಸ್ಟೇಪ್ಲರು ಖಾಲಿ.
ಅವಳೇ ಹಾಳೆಗಳ ಅಂಚು ಸರಿಮಾಡಿ
ನೀಲಿ ತಲೆಯ ಸೂಜಿಯೊಂದನ್ನು ಚುಚ್ಚಿ ಹೋದಳು.

ಎಡಗಡೆ ಡ್ರಾಯರಿನಲ್ಲಿದೆ,
ಎರಡೂ ಚೌಕ ಬಿಳಿ.
ಶುಕ್ರವಾರ ಬೇರೇನೋ ತಡಕಾಡುವಾಗ
ಬೆರಳಿಗೆ ಚುಚ್ಚಿತು.